ಗಿನಿ ಪಿಗ್‌ಗೆ ಮೊದಲು ಜಾಗ ಕೊಡಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಗಿನಿ ಪಿಗ್ ಇರುವವರು, ತರಬೇಕು ಅಂತ ಆಸೆ ಇಟ್ಟುಕೊಂಡಿರುವವರು ಇವತ್ತು ಸ್ವಲ್ಪ ಹೊತ್ತು ನನ್ನ ಮಾತು ಕೇಳಿ.

ನಾನು ಮೊದಲ ಗಿನಿ ಪಿಗ್ ತಂದಾಗ ಅಂಗಡಿಯವರು ಅದರ ಜೊತೆಗೇ ಒಂದು ಪಂಜರ ಕೊಟ್ಟರು. ಸುತ್ತಲೂ ತಂತಿ, ಕೆಳಗೂ ತಂತಿ. ಹಿಕ್ಕೆ ಕೆಳಗಿನ ತಟ್ಟೆಗೆ ಬೀಳುತ್ತೆ, ತೊಳೆಯೋದು ಸುಲಭ ಅಂದರು. ಚಿಕ್ಕ ಪ್ರಾಣಿ, ಇಷ್ಟು ಜಾಗ ಧಾರಾಳ ಅಂದರು. ನಾನೂ ನಂಬಿದೆ. ಕೆಲವು ತಿಂಗಳಾದ ಮೇಲೆ ಉಗುರು ಕತ್ತರಿಸೋಕೆ ಅಂತ ಎತ್ತಿಕೊಂಡೆ. ಹಿಂಗಾಲಿನ ಅಡಿಭಾಗ ಕೆಂಪಗೆ ಊದಿಕೊಂಡಿತ್ತು. ಒಂದು ಕಡೆ ಚರ್ಮ ಬಿರಿದಿತ್ತು. ಎಷ್ಟು ದಿನದಿಂದ ಹಾಗಿತ್ತೋ! ಅದು ಒಂದು ಸಲ ಕುಂಟಿದ್ದನ್ನೂ ನಾನು ನೋಡಿರಲಿಲ್ಲ.

ಅವುಗಳ ಅಂಗಾಲಿನಲ್ಲಿ ಕೂದಲು ಇರಲ್ಲ. ಬರೀ ಮೆತ್ತನೆಯ ಚರ್ಮ. ತಂತಿಯ ಮೇಲೆ, ಗಟ್ಟಿ ನೆಲದ ಮೇಲೆ, ಒದ್ದೆಯಾದ ಹಾಸಿನ ಮೇಲೆ ದಿನಗಟ್ಟಲೆ ಕೂತರೆ ಆ ಚರ್ಮ ಸವೆಯುತ್ತೆ. ಸಣ್ಣ ಗಾಯ ಆಗುತ್ತೆ, ಅದರೊಳಗೆ ಸೋಂಕು ಸೇರುತ್ತೆ. ಇದಕ್ಕೆ ಬಂಬಲ್‌ಫುಟ್ ಅನ್ನುತ್ತಾರೆ. ಬಿಟ್ಟರೆ ಮೂಳೆಯವರೆಗೂ ಹೋಗುತ್ತೆ. ವಾಸಿಯಾಗೋಕೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬೇಕು. ಸೌತೆಕಾಯಿ ಚೂರು ತೋರಿಸಿದರೆ ಓಡಿ ಬರುವ ಪ್ರಾಣಿ, ಅಷ್ಟು ದಿನ ನೋಯುವ ಕಾಲಲ್ಲೇ ಓಡಿ ಬರುತ್ತಿತ್ತು ಅನ್ನೋದು ನೆನಪಾದರೆ ನನಗೆ ಈಗಲೂ ಹೊಟ್ಟೆ ಸಂಕಟವಾಗುತ್ತೆ.

ಇದು ನೋವನ್ನು ಯಾಕೆ ತೋರಿಸಲಿಲ್ಲ? ಇವು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ಪ್ರಾಣಿಗಳು. ಇವುಗಳ ಪೂರ್ವಜರು ಬೇರೆ ಪ್ರಾಣಿಗಳಿಗೆ ಆಹಾರವಾಗಿ ಬದುಕಿದವು. ಸುಸ್ತಾಗಿದೆ ಅಂತ ತೋರಿಸಿಕೊಂಡದ್ದು ಮೊದಲು ಬಾಯಿಗೆ ಬೀಳುತ್ತೆ. ಹಾಗಾಗಿ ಕಾಯಿಲೆ ಮುಚ್ಚಿಡೋದು ಇವುಗಳ ರಕ್ತದಲ್ಲೇ ಇದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಇದ್ದರೂ ಆ ಅಭ್ಯಾಸ ಹೋಗಿಲ್ಲ. ‘ಇವತ್ತು ಯಾಕೋ ಸುಮ್ನೆ ಕೂತಿದೆ’ ಅಂತ ನಮಗೆ ಅನ್ನಿಸುವ ಹೊತ್ತಿಗೆ ತುಂಬಾ ತಡವಾಗಿರುತ್ತೆ.

ಅದಕ್ಕೇ ನಾನು ಮತ್ತೆ ಮತ್ತೆ ಹೇಳೋದು, ಔಷಧಿಯ ಮಾತು ಆಮೇಲೆ, ಮೊದಲು ಅದು ಇರುವ ಜಾಗ ನೋಡಿ. ಎರಡು ಗಿನಿ ಪಿಗ್‌ಗೆ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ ಅನ್ನೋದು ತೀರಾ ಕಡಿಮೆ ಲೆಕ್ಕ. ನನ್ನನ್ನು ಕೇಳಿದರೆ ಅದಕ್ಕಿಂತ ದೊಡ್ಡದೇ ಇರಲಿ. ನೆಲ ಸಮತಟ್ಟಾಗಿರಬೇಕು. ಎರಡು ಮೂರು ಅಂತಸ್ತಿನ ಪಂಜರ ನೋಡೋಕೆ ಚೆಂದ, ಆದರೆ ಇವು ಹತ್ತುವ ಪ್ರಾಣಿಗಳಲ್ಲ, ಓಡುವ ಪ್ರಾಣಿಗಳು. ಎತ್ತರ ಎಷ್ಟಿದ್ದರೂ ಓಡೋಕೆ ಉದ್ದವೇ ಬೇಕು. ಹ್ಯಾಮ್‌ಸ್ಟರ್‌ಗೆ ಇಡುವ ಚಕ್ರ, ಪ್ಲಾಸ್ಟಿಕ್ ಚೆಂಡು ಇವಕ್ಕೆ ಬೇಡವೇ ಬೇಡ. ಬೆನ್ನುಮೂಳೆಗೆ ಏಟಾಗುತ್ತೆ.

ಜಾಗ ಕಡಿಮೆಯಾದರೆ ಕಾಲು ಮಾತ್ರ ಹಾಳಾಗಲ್ಲ. ಓಡಾಟವಿಲ್ಲದೆ ಮೈ ಬೆಳೆಯುತ್ತೆ, ಆ ಭಾರ ಮತ್ತೆ ಅಂಗಾಲಿನ ಮೇಲೇ ಬೀಳುತ್ತೆ. ಮೂತ್ರವೆಲ್ಲ ಒಂದೇ ಮೂಲೆಯಲ್ಲಿ ನಿಂತು ಅಮೋನಿಯಾ ಏಳುತ್ತೆ. ನಮ್ಮ ಮೂಗಿಗೆ ಆ ವಾಸನೆ ಬರುವ ಮೊದಲೇ, ನೆಲಕ್ಕೆ ಮೂಗಿಟ್ಟು ಬದುಕುವ ಅವುಗಳ ಎದೆ ಸೇರಿರುತ್ತೆ. ದೇವದಾರು, ಪೈನ್ ಮರದ ಸಿಪ್ಪೆ ಹಾಸೋದು ಘಮ್ಮೆನ್ನುತ್ತೆ ಅಂತ ಕೆಲವರಿಗೆ ಇಷ್ಟ. ಆ ಘಮವೇ ಇವುಗಳ ಉಸಿರಾಟಕ್ಕೆ ಕೆಟ್ಟದ್ದು. ನಾನು ಈಗ ಕೆಳಗೆ ದಪ್ಪ ಟವೆಲ್, ಮೇಲೆ ಫ್ಲೀಸ್ ಬಟ್ಟೆ ಹಾಸುತ್ತೇನೆ. ದಿನಾ ಗುಡಿಸಬೇಕು, ಬಟ್ಟೆ ಒಗೆಯಬೇಕು. ಕೆಲಸ ಜಾಸ್ತಿ, ನಿಜ. ಕಾಗದದ ಹಾಸೂ ಆಗುತ್ತೆ, ಒಣಗಿರಬೇಕು ಅಷ್ಟೇ.

ಮೊಲದ ಜೊತೆ ಒಂದೇ ಗೂಡಿನಲ್ಲಿ ಇಡುವವರೂ ಇದ್ದಾರೆ. ದಯವಿಟ್ಟು ಬೇಡ. ಮೊಲದ ಒಂದು ಒದೆತಕ್ಕೆ ಇದರ ಮೂಳೆ ಮುರಿಯಬಹುದು. ಅದಕ್ಕಿಂತ ದೊಡ್ಡ ಭಯ ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾದ್ದು. ಮೊಲಕ್ಕೆ ಏನೂ ಆಗದೆ ಅದರ ಮೂಗಿನಲ್ಲಿ ಇರುತ್ತೆ, ಗಿನಿ ಪಿಗ್‌ಗೆ ತಗುಲಿದರೆ ನ್ಯುಮೋನಿಯಾ.

ಹಾಗಂತ ಒಂಟಿಯಾಗಿ ಇಡಿ ಅಂತಲ್ಲ. ಇವು ಗುಂಪಿನ ಜೀವಗಳು. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಒಂದೇ ಗಿನಿ ಪಿಗ್ ಸಾಕೋದು ಕಾನೂನಿಗೆ ವಿರುದ್ಧ. ನನಗೆ ಅದು ಅತಿ ಅನ್ನಿಸಲ್ಲ. ನಾವು ದಿನಕ್ಕೆ ಒಂದು ಗಂಟೆ ಮುದ್ದು ಮಾಡಬಹುದು. ಉಳಿದ 23 ಗಂಟೆ ಅದರ ಭಾಷೆಯಲ್ಲಿ ಅದರ ಜೊತೆ ಮಾತಾಡೋರು ಯಾರು? ಜೋಡಿ ತರುವಾಗ ಮಾತ್ರ ಗಂಡು ಯಾವುದು, ಹೆಣ್ಣು ಯಾವುದು ಅಂತ ಗೊತ್ತಿರುವವರ ಕೈಯಲ್ಲಿ ಖಾತ್ರಿ ಮಾಡಿಸಿ. ಹೆಣ್ಣುಮರಿ ಹುಟ್ಟಿದ ನಾಲ್ಕೈದು ವಾರದಲ್ಲೇ ಗರ್ಭ ಧರಿಸಬಹುದು. ಇನ್ನೊಂದು ಕಡೆ, ಒಂದು ಸಲವೂ ಮರಿ ಹಾಕದ ಹೆಣ್ಣಿಗೆ ಆರೇಳು ತಿಂಗಳು ದಾಟುವ ಹೊತ್ತಿಗೆ ಸೊಂಟದ ಮೂಳೆಯ ಸಂದು ಬಿಗಿದುಕೊಳ್ಳುತ್ತೆ. ಆಮೇಲೆ ಮೊದಲ ಸಲ ಬಸಿರಾದರೆ ಮರಿ ಹೊರಗೆ ಬರೋಕೆ ದಾರಿ ಸಾಲದೆ ತಾಯಿಯ ಜೀವಕ್ಕೇ ಅಪಾಯ. ಅಂದಾಜಿನ ಮೇಲೆ ‘ಎರಡೂ ಹೆಣ್ಣೇ’ ಅಂದು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಸೆಖೆ ಇವಕ್ಕೆ ಆಗಿಬರಲ್ಲ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ. 30ರ ಹತ್ತಿರ ಹೋದರೆ ಜೀವಕ್ಕೇ ಕುತ್ತು, ಏಕೆಂದರೆ ನಮ್ಮ ಹಾಗೆ ಬೆವರಿ ತಣ್ಣಗಾಗೋಕೆ ಇವಕ್ಕೆ ಬರಲ್ಲ. ಕಿಟಕಿಯ ಬಿಸಿಲಿಗೆ ಪಂಜರ ಇಡಬೇಡಿ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಬಂದು ಒರಗಿಕೊಳ್ಳುತ್ತವೆ.

ಇನ್ನು ಊಟ. ನಮ್ಮ ಹಾಗೆಯೇ ಇವುಗಳ ದೇಹವೂ ವಿಟಮಿನ್ ಸಿ ತಯಾರಿಸಲ್ಲ. ದಿನಾ ಹೊರಗಿನಿಂದಲೇ ಸಿಗಬೇಕು, ಒಂದು ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ. ಸಿಗದಿದ್ದರೆ ಸ್ಕರ್ವಿ. ಕೀಲು ನೋಯುತ್ತೆ, ನಡೆ ಬಿಗಿಯಾಗುತ್ತೆ, ಕೂದಲು ಒರಟಾಗುತ್ತೆ, ಗಾಯ ಮಾಯಲ್ಲ. ನನ್ನ ಗಿನಿ ಪಿಗ್‌ನ ಕಾಲು ಬೇಗ ವಾಸಿಯಾಗದ್ದಕ್ಕೆ ಇದೂ ಒಂದು ಕಾರಣ ಅಂತ ವೈದ್ಯರು ಹೇಳಿದರು. ನಾನು ನೀರಿಗೆ ವಿಟಮಿನ್ ಸಿ ಹನಿ ಹಾಕಿ ಸಮಾಧಾನ ಪಟ್ಟುಕೊಂಡಿದ್ದೆ. ನೀರಿನಲ್ಲಿ ಆ ವಿಟಮಿನ್ ಬೇಗ ಕೆಡುತ್ತೆ, ರುಚಿ ಬೇರೆಯಾದರೆ ಅವು ನೀರು ಕುಡಿಯೋದನ್ನೇ ಕಡಿಮೆ ಮಾಡಬಹುದು. ಹಳೇ ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ತಿನಿಸಿನ ಪೊಟ್ಟಣದಲ್ಲೂ ಅದು ಉಳಿದಿರಲ್ಲ. ಈಗ ನಾನು ದಿನಾ ಒಂದು ಚೂರು ಕ್ಯಾಪ್ಸಿಕಂ ಕೊಡುತ್ತೇನೆ. ಆದರೆ ಹೊಟ್ಟೆ ತುಂಬಬೇಕಾದ್ದು ಒಣಹುಲ್ಲಿನಿಂದ. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತೆ, ಹುಲ್ಲು ಅಗಿದರೆ ತಾನೇ ಅದು ಸವೆಯೋದು.

ಎಲ್ಲಕ್ಕಿಂತ ಇದನ್ನು ನೆನಪಿಡಿ. ಅರ್ಧ ದಿನ ಏನೂ ತಿನ್ನದಿದ್ದರೆ ‘ನಾಳೆ ನೋಡೋಣ’ ಅನ್ನಬೇಡಿ. ಕರುಳು ನಿಂತುಹೋಗುತ್ತೆ. ಆಗಲೇ ಹೊರಡಿ, ಗಿನಿ ಪಿಗ್ ನೋಡಿ ಅಭ್ಯಾಸವಿರುವ ವೈದ್ಯರ ಹತ್ತಿರಕ್ಕೇ ಹೋಗಿ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್‌ನಂಥ ಮಾತ್ರೆ ಪುಡಿ ಮಾಡಿ ಕುಡಿಸಬೇಡಿ. ನಾಯಿಗೆ, ನಮಗೆ ಒಗ್ಗುವ ಪೆನಿಸಿಲಿನ್ ಜಾತಿಯ ಔಷಧಿ ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು, ಪ್ರಾಣವನ್ನೇ ತೆಗೆಯಬಹುದು.

ನಾನು ಈಗ ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬಟ್ಟಲು ಇಟ್ಟು, ಅದರೊಳಗೆ ಒಂದೊಂದಾಗಿ ಕೂರಿಸಿ ತೂಕ ನೋಡುತ್ತೇನೆ. ಹಾಗೇ ಅಂಗಾಲು ನೋಡುತ್ತೇನೆ, ಮುಂದಿನ ಹಲ್ಲು ನೋಡುತ್ತೇನೆ. ಪುಸ್ತಕದಲ್ಲಿ ಬರೆದಿಡುತ್ತೇನೆ. ಹೋದ ತಿಂಗಳು ದೊಡ್ಡದರ ತೂಕ ಎರಡು ವಾರದಲ್ಲಿ 980 ಗ್ರಾಂನಿಂದ 910ಕ್ಕೆ ಇಳಿದಿತ್ತು. ಓಡಾಟ ಹಾಗೇ ಇತ್ತು, ಕೂಗಾಟ ಹಾಗೇ ಇತ್ತು. ಪುಸ್ತಕ ಇಲ್ಲದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಹಿಂದಿನ ಒಂದು ಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚುತ್ತಿತ್ತು. ವೈದ್ಯರು ಅದನ್ನು ಉಜ್ಜಿ ಸರಿ ಮಾಡಿದರು. ಈ ಭಾನುವಾರ 965 ಇದೆ.