ನೋವಿಲ್ಲದಿದ್ದರೂ ಸ್ಕ್ಯಾನಿಂಗ್

ಕೇಳುಗರಿಗೆ ನಮಸ್ಕಾರ. ನಿಮಿರು ದೌರ್ಬಲ್ಯಕ್ಕೆ ಮಾತ್ರೆ ಫಲಿಸದೆ ಶಿಶ್ನಕ್ಕೇ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವ ಗಂಡಸರೊಂದಿಗೆ, ಅವರ ಹೆಂಡತಿಯರೊಂದಿಗೆ ಇಂದು ಮಾತನಾಡುತ್ತಿದ್ದೇನೆ. ದಯವಿಟ್ಟು ರೇಡಿಯೊದ ದನಿ ತಗ್ಗಿಸಬೇಡಿ. ನಾಚುವಂಥದ್ದು ಇದರಲ್ಲಿ ಏನೂ ಇಲ್ಲ.

ನಾನು ಹೇಳಬೇಕಾದದ್ದು ಒಂದೇ. ನೋವಿಲ್ಲದಿದ್ದರೂ ಶಿಶ್ನದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ.

ಈ ಚಿಕಿತ್ಸೆ ಹೊಸದಲ್ಲ. ಪಪಾವೆರಿನ್ ಎಂಬ ಔಷಧ ಚುಚ್ಚಿದರೆ ಶಿಶ್ನ ನಿಮಿರುತ್ತದೆ ಎಂದು ಫ್ರಾನ್ಸಿನ ವೈದ್ಯ ರೊನಾಲ್ಡ್ ವಿರಾಗ್ 1982ರಲ್ಲೇ ಬರೆದರು. ಈಗ ಹೆಚ್ಚಾಗಿ ಕೊಡುವುದು ಆಲ್‌ಪ್ರೊಸ್ಟಡಿಲ್. ಔಷಧ ಒಳಗಿನ ಸ್ನಾಯುವನ್ನು ಸಡಿಲಿಸುತ್ತದೆ, ಸ್ಪಂಜಿನಂಥ ಎರಡು ಕೊಳವೆಗಳಿಗೆ ರಕ್ತ ನುಗ್ಗುತ್ತದೆ. ಬಹಳ ಒಳ್ಳೆಯ ಚಿಕಿತ್ಸೆ. ಗುಣ ಕಂಡ ಮೇಲೆ ಜನ ತಪಾಸಣೆಗೆ ಬರುವುದನ್ನೇ ಬಿಡುತ್ತಾರೆ, ನನ್ನ ಸಂಕಟ ಅದು.

ನನ್ನಲ್ಲಿಗೆ ಬರುತ್ತಿದ್ದ ಹಿರಿಯರೊಬ್ಬರು ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾದವರು. ಎಂಥ ಶಿಸ್ತು! ಚುಚ್ಚಿಕೊಂಡ ದಿನಾಂಕ, ಔಷಧದ ಪ್ರಮಾಣ, ನಿಮಿರುವಿಕೆ ಎಷ್ಟು ನಿಮಿಷ ಉಳಿಯಿತು, ಎಲ್ಲವನ್ನೂ ಗೆರೆ ಎಳೆದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸ್ಕ್ಯಾನಿಂಗ್ ಎಂದರೆ ಮಾತ್ರ "ನೋವೇ ಇಲ್ಲವಲ್ಲ ಡಾಕ್ಟರೇ, ಮುಂದಿನ ಸಲ ನೋಡೋಣ" ಎಂದು ಮೂರು ಸಲ ಜಾರಿಕೊಂಡರು. ನಾಲ್ಕನೆಯ ಸಲ ಅವರ ಹೆಂಡತಿಯೇ ಕೈಹಿಡಿದು ಕರೆತಂದರು. ನಾನು ಬೆರಳಿನಿಂದ ಒತ್ತಿ ನೋಡಿದೆ, ಏನೂ ಸಿಗಲಿಲ್ಲ. ಪರದೆಯ ಮೇಲೆ ಬಲಗಡೆಯ ಕೊಳವೆಯೊಳಗೆ ಬಿಳಿಯ ಗೆರೆಯೊಂದು ಕಂಡಿತು. ಸೂಜಿ ಇಳಿಯುವ ಜಾಗದಲ್ಲೇ ಅಂಗಾಂಶ ನಾರುಗಟ್ಟತೊಡಗಿತ್ತು. ಅವರ ಪುಸ್ತಕ ತಿರುವಿದೆ. ಎಲ್ಲವೂ ಇತ್ತು, ಯಾವ ಮಗ್ಗುಲಿಗೆ ಚುಚ್ಚಿದ್ದು ಎಂಬ ಅಂಕಣ ಇರಲಿಲ್ಲ! ಬಲಗೈಗೆ ಸುಲಭವೆಂದು ಎರಡು ವರ್ಷ ಒಂದೇ ಕಡೆ ಚುಚ್ಚಿಕೊಂಡಿದ್ದರು. ಹಾಗೆಯೇ ಬಿಟ್ಟಿದ್ದರೆ ಗಂಟಾಗಿ ಶಿಶ್ನ ಡೊಂಕಾಗಬಹುದಿತ್ತು. ಕೆಲವು ತಿಂಗಳು ಚುಚ್ಚುಮದ್ದು ನಿಲ್ಲಿಸಿದೆವು. ಮತ್ತೆ ಸ್ಕ್ಯಾನಿಂಗ್ ಮಾಡಿದಾಗ ಗೆರೆ ಬೆಳೆದಿರಲಿಲ್ಲ. ಈಗ ಅವರ ಪುಸ್ತಕದಲ್ಲಿ ಎಡ, ಬಲ ಎಂಬ ಅಂಕಣವೂ ಇದೆ.

ಬೆರಳಿಗೆ ಸಿಗದ್ದು ಸ್ಕ್ಯಾನಿಂಗಿನಲ್ಲಿ ಸಿಗುತ್ತದೆ, ನೋಡಿ. ಒಂದಿಷ್ಟು ಜೆಲ್ ಹಚ್ಚಿ ಮೇಲಿನಿಂದ ಉಪಕರಣ ಆಡಿಸುತ್ತಾರೆ, ಅಷ್ಟೇ. ಎಕ್ಸ್‌ರೇಯಂತೆ ವಿಕಿರಣವಿಲ್ಲ. ಡಾಪ್ಲರ್ ಇದ್ದರೆ ರಕ್ತ ಹರಿಯುವ ವೇಗವೂ ತಿಳಿಯುತ್ತದೆ. ಔಷಧ ಕೊಟ್ಟ ಮೇಲೂ ಗರಿಷ್ಠ ವೇಗ ಸೆಕೆಂಡಿಗೆ 25 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪಧಮನಿಯಲ್ಲೇ ತೊಂದರೆ. ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ವೈದ್ಯರು ಹೇಳಿದಾಗಲೆಲ್ಲ ಮಾಡಿಸಿ. ನೋವಿಲ್ಲದಿದ್ದರೂ ಮಾಡಿಸಿ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಚುಚ್ಚುವ ಮಗ್ಗುಲನ್ನು ಬದಲಾಯಿಸುತ್ತಿರಿ. ಚುಚ್ಚಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ದಿನಕ್ಕೆ ಒಂದು, ವಾರಕ್ಕೆ ಮೂರು, ಅದಕ್ಕಿಂತ ಹೆಚ್ಚು ಬೇಡ. ನಿಮಿರುವಿಕೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಸಂಕೋಚ ಬಿಟ್ಟು ಆ ರಾತ್ರಿಯೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ನಮಸ್ಕಾರ.