ಮನೆಯಲ್ಲಿ ಮೊದಲು ಕಾಲೇಜಿಗೆ ಹೊರಟವರಿಗೆ

ಕೇಳುಗರಿಗೆಲ್ಲ ನಮಸ್ಕಾರ.

ದ್ವಿತೀಯ ಪಿಯುಸಿ ಮುಗಿದ ಮೇಲೆ ಬರುವ ಎರಡು ಮೂರು ತಿಂಗಳ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಎಲ್ಲ ವಿದ್ಯಾರ್ಥಿಗಳ ಬಗ್ಗೆ ಅಲ್ಲ. ಯಾರ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅಕ್ಕ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲವೋ, ಆ ಮನೆಯಿಂದ ಮೊದಲ ಸಲ ಡಿಗ್ರಿಗೆ ಹೊರಟವರ ಬಗ್ಗೆ. ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವವನು. ನಮ್ಮ ಕ್ಲಾಸಿನಲ್ಲಿ ಇಂಥ ಮಕ್ಕಳೇ ಜಾಸ್ತಿ.

ಓದಿದವರ ಮನೆಯಲ್ಲಿ ಊಟಕ್ಕೆ ಕೂತಾಗಲೇ ಈ ಮಾತೆಲ್ಲ ಬಂದು ಹೋಗುತ್ತದೆ. ಇನ್ಕಮ್ ಸರ್ಟಿಫಿಕೇಟಿನ ಅವಧಿ ಮುಗಿದಿದೆಯಾ ನೋಡು, ಆಪ್ಷನ್ ಎಂಟ್ರಿ ಯಾವಾಗ ಶುರುವಂತೆ, ಚಿಕ್ಕಪ್ಪನಿಗೆ ಒಂದು ಫೋನ್ ಮಾಡಿ ಕೇಳು. ಗಾರೆ ಕೆಲಸ ಮುಗಿಸಿ ಬಂದ ಅಪ್ಪ ಮಾತ್ರ, "ಎಲ್ಲ ಸರಿ ಮಾಡಿದ್ಯಾ ಮಗಾ?" ಅಂತ ಕೇಳುತ್ತಾರೆ. ಮಗ "ಹೂಂ ಅಪ್ಪಾ" ಅನ್ನುತ್ತಾನೆ. ಅದಕ್ಕಿಂತ ಮುಂದೆ ಏನು ಕೇಳಬೇಕು ಅಂತ ಅಪ್ಪನಿಗೂ ಗೊತ್ತಿಲ್ಲ, ಏನು ಹೇಳಬೇಕು ಅಂತ ಮಗನಿಗೂ ಗೊತ್ತಿಲ್ಲ.

ಈ ಮಕ್ಕಳ ಕೈಗೆ ಸೀಟು ಸಿಗದೆ ಹೋದಾಗ ನಾವು ಸುಲಭವಾಗಿ, "ಮಾರ್ಕ್ಸ್ ಸಾಲಲಿಲ್ಲ" ಅಂದುಬಿಡುತ್ತೇವೆ. ಎಷ್ಟೋ ಸಲ ಅದು ನಿಜ ಅಲ್ಲ. ಮಾರ್ಕ್ಸ್ ಇರುತ್ತದೆ. ಅರ್ಜಿಯಲ್ಲಿ ಒಂದು ಕಲಂ ತಪ್ಪಿರುತ್ತದೆ. ಕಾನೂನು ಪ್ರಕಾರ ಅವರಿಗೇ ಬರಬೇಕಾದ ಸೀಟು, ಕೇಳದೆ ಇದ್ದದ್ದಕ್ಕೆ ಬೇರೆಯವರಿಗೆ ಹೋಗಿರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಾಲೇಜಿನ ಒಬ್ಬ ಹುಡುಗಿ ಕೆಸಿಇಟಿ, ಅಂದರೆ ವೃತ್ತಿಪರ ಕೋರ್ಸುಗಳಿಗೆ ರಾಜ್ಯ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿ ಬಂದಿದ್ದಳು. ಪ್ರಿಂಟ್ ತರಿಸಿ ನೋಡಿದೆ. "ಕನ್ನಡ ಮಾಧ್ಯಮ" ಅನ್ನುವ ಕಲಮಿನಲ್ಲಿ "ಇಲ್ಲ" ಅಂತಿತ್ತು. "ಯಾಕಮ್ಮಾ, ನೀನು ಓದಿದ್ದು ಕನ್ನಡ ಶಾಲೆಯಲ್ಲಿ ಅಲ್ವಾ?" ಅಂದೆ. "ಹೌದು ಸಾರ್. ಸೈಬರ್ ಅಣ್ಣ ಈಗ ಯಾವ ಮೀಡಿಯಂ ಅಂತ ಕೇಳಿದ್ರು. ಪಿಯುಸಿ ಸೈನ್ಸ್ ಇಂಗ್ಲಿಷ್ ಮೀಡಿಯಂ ಅಲ್ವಾ ಸಾರ್, ಅದನ್ನೇ ಹೇಳ್ದೆ" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅರ್ಜಿ ಕೇಳುವುದು ಪಿಯುಸಿಯ ಮಾತಲ್ಲ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟು ಮೀಸಲು ಇದೆ. ಅವಳು ಓದಿದ ಹತ್ತು ವರ್ಷದ ಕನ್ನಡ, ಒಂದು ಕ್ಲಿಕ್ಕಿನಲ್ಲಿ ಲೆಕ್ಕಕ್ಕೇ ಇಲ್ಲದಂತಾಗಿತ್ತು. ತಿದ್ದುಪಡಿಗೆ ಇನ್ನೂ ಅವಕಾಶ ಇತ್ತು, ಸರಿ ಮಾಡಿಸಿದೆವು. ಪ್ರಿಂಟ್ ನೋಡುವವರು ಯಾರೂ ಇಲ್ಲದ ಮಕ್ಕಳ ಗತಿ ಏನು?

ಗ್ರಾಮೀಣ ಮೀಸಲಾತಿಯ ಕಥೆಯೂ ಇದೇ. ಅದು ನೂರಕ್ಕೆ 15. ಅದಕ್ಕೂ ಒಂದರಿಂದ ಹತ್ತು, ಪೂರಾ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಏಳನೇ ಕ್ಲಾಸಿನವರೆಗೆ ಊರಲ್ಲಿ ಓದಿ, ಹೈಸ್ಕೂಲಿಗೆ ತಾಲ್ಲೂಕು ಕೇಂದ್ರಕ್ಕೆ ಬಂದಿದ್ದರೆ ಸಿಗುವುದಿಲ್ಲ. ಮನೆ ಹಳ್ಳಿಯಲ್ಲಿದೆ ಅಂತ ಟಿಕ್ ಹಾಕಿದರೆ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ. ಆದರೆ ಹತ್ತೂ ವರ್ಷ ಕನ್ನಡದಲ್ಲೇ ಓದಿದ್ದರೆ ಅಂಥವರಿಗೂ ಕನ್ನಡ ಮಾಧ್ಯಮದ ಮೀಸಲಾತಿ ಉಳಿದಿರುತ್ತದೆ. ಎರಡೂ ಬೇರೆ ಬೇರೆ. ಒಂದಿಲ್ಲ ಅಂತ ಇನ್ನೊಂದನ್ನು ಬಿಟ್ಟು ಬರಬೇಡಿ. ಇದನ್ನೆಲ್ಲ ತೋರಿಸುವ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಾಹೇಬರ ಮೇಲುಸಹಿ ಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ಅದಕ್ಕೇ ನಾನು ಮಕ್ಕಳಿಗೆ ಡಿಸೆಂಬರ್, ಜನವರಿಯಲ್ಲೇ ಬೆನ್ನು ಹತ್ತುತ್ತೇನೆ. ಪರೀಕ್ಷೆಯ ಓದು ಇದ್ದೇ ಇದೆ, ಒಂದು ಶನಿವಾರ ಮಧ್ಯಾಹ್ನ ನಿಮ್ಮ ಹಳೇ ಶಾಲೆಗೆ ಹೋಗಿ ಬನ್ನಿ ಅಂತ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಯವರಿಗೆ ಇನ್ನೊಂದು ಮಾತು. ಸಂವಿಧಾನದ 371 ಜೆ ವಿಧಿಯ ಪ್ರಕಾರ ನಿಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟು ನಿಮಗಿದೆ. ಆ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು, ಅಂದರೆ ಎಸಿ ಆಫೀಸು. ಹಳ್ಳಿಯಿಂದ ಎಸಿ ಆಫೀಸಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ ಹೋದಂತೆ, ನನಗೆ ಗೊತ್ತು. ಆದರೂ ಹೋಗಿ ಬನ್ನಿ.

ಇನ್ನು ಕೆಸಿಇಟಿ ಅಂದರೆ ಇಂಜಿನಿಯರಿಂಗ್ ಒಂದೇ ಅಂತ ಬಹಳ ಜನ ತಿಳಿದಿದ್ದಾರೆ. ಬಿಎಸ್ಸಿ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಎಲ್ಲಕ್ಕೂ ಅದೇ ದಾರಿ. ಅದರಲ್ಲೂ ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆ ಅಂತಲೇ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರತ್ಯೇಕ ದಾಖಲೆ ಕೊಡಬೇಕು, ಪ್ರತ್ಯೇಕವಾಗಿ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಕಾಳು, ಬೀಜ, ಕಳೆ, ಸಲಕರಣೆ ಗುರುತಿಸುವಂಥ ಪರೀಕ್ಷೆ. ಹುಟ್ಟಿದಾಗಿನಿಂದ ಹೊಲದಲ್ಲಿ ಓಡಾಡಿದ ಮಗುವಿಗೆ ಅದಕ್ಕಿಂತ ನ್ಯಾಯವಾದ ಪರೀಕ್ಷೆ ಬೇರೆ ಬೇಕಾ? ಆದರೆ ಅರ್ಜಿಯಲ್ಲಿ ಕೇಳಿದ್ದರೆ ಮಾತ್ರ ಅದಕ್ಕೆ ಕರೆಯುತ್ತಾರೆ.

ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಬರೆದು ಕೊಡುವುದಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಇಲ್ಲಿ ತಪ್ಪು ಮಾಡಿಸುವುದು ಹೆದರಿಕೆ. ಒಬ್ಬ ಹುಡುಗನಿಗೆ ಬೆಂಗಳೂರಿನ ಯುವಿಸಿಇ ಸೇರುವ ಆಸೆ. ಅದು 1917ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು, ವಿಶ್ವೇಶ್ವರಯ್ಯನವರ ಹೆಸರಿನದು. ಆದರೆ ಅವನು ಪಟ್ಟಿಯಲ್ಲಿ ಮೊದಲು ಬರೆಯುವುದು ಊರ ಹತ್ತಿರದ ಸಣ್ಣ ಕಾಲೇಜನ್ನು. ಕೇಳಿದರೆ, "ಇದಾದ್ರೆ ಗ್ಯಾರಂಟಿ ಸಿಗುತ್ತೆ ಸಾರ್. ದೊಡ್ಡದು ಮೇಲೆ ಬರೆದ್ರೆ ಇದೂ ಹೋದೀತು" ಅನ್ನುತ್ತಾನೆ. ಹಾಗಾಗುವುದಿಲ್ಲ. ಕಂಪ್ಯೂಟರ್ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತದೆ. ಮೊದಲನೆಯದು ಖಾಲಿ ಇಲ್ಲವಾ, ಎರಡನೆಯದು. ಅದೂ ಇಲ್ಲವಾ, ಮೂರನೆಯದು. ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ದೊಡ್ಡ ಕಾಲೇಜನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನ ಸೀಟನ್ನು ನಿಮ್ಮ ಹಿಂದಿನ ರ‍್ಯಾಂಕಿನವರು ಬಂದು ಹಾರಿಸಿಕೊಂಡು ಹೋಗಲಾರರು. ಗ್ಯಾರಂಟಿ ಅಂತ ಸಣ್ಣದನ್ನು ಮೊದಲು ಬರೆದರೆ ಅದೇ ಸಿಗುತ್ತದೆ, ಕೆಳಗೆ ಬರೆದ ಆಸೆಗಳನ್ನು ಯಂತ್ರ ನೋಡುವುದೇ ಇಲ್ಲ. ಹಾಗಾಗಿ ಮನಸ್ಸಿನಲ್ಲಿ ಯಾವುದು ಮೊದಲೋ ಪಟ್ಟಿಯಲ್ಲೂ ಅದೇ ಮೊದಲು. ಫೀಸ್ ಕಟ್ಟಲಾಗದ ಕಾಲೇಜು, ಸಿಕ್ಕರೂ ಹೋಗುವುದಿಲ್ಲ ಅನ್ನುವ ಕಾಲೇಜು ಪಟ್ಟಿಯಲ್ಲಿ ಬೇಡವೇ ಬೇಡ.

ಮೊದಲು ಅಣಕು ಸೀಟು ಹಂಚಿಕೆ ನಡೆಸುತ್ತಾರೆ. ಅದು ನಿಜವಾದ ಸೀಟಲ್ಲ. ಅದನ್ನು ನೋಡಿಕೊಂಡು ಪಟ್ಟಿ ತಿದ್ದಬಹುದು. ಅಣಕು ಫಲಿತಾಂಶ ನೋಡಿ ಊರೆಲ್ಲ ಸಿಹಿ ಹಂಚಿದವರನ್ನೂ ಕಂಡಿದ್ದೇನೆ, ಅತ್ತು ಊಟ ಬಿಟ್ಟವರನ್ನೂ ಕಂಡಿದ್ದೇನೆ. ನಿಜವಾದ ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್ ಬರುತ್ತವೆ. ಒಂದು ಅಂದರೆ ಈ ಸೀಟು ಸಾಕು, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಇನ್ನೂ ಒಳ್ಳೆಯದು ಬಂದರೆ ಕೊಡಿ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು ಅಂದರೆ ನಾನು ಪೂರ್ತಿ ಹೊರಗೆ. ಮೂರನೆಯದನ್ನು ಒತ್ತುವ ಮೊದಲು ದಯವಿಟ್ಟು ಯಾರಾದರೂ ಲೆಕ್ಚರರಿಗೆ ಒಂದು ಫೋನ್ ಮಾಡಿ. ಪ್ರತಿ ವರ್ಷ ಸುತ್ತುಗಳ ನಿಯಮದಲ್ಲಿ ಸಣ್ಣಪುಟ್ಟ ಬದಲಾವಣೆ ಇರುತ್ತದೆ. ಹೋದ ವರ್ಷ ಸೀನಿಯರ್ ಹೀಗೆ ಮಾಡಿದ್ದ ಅಂತ ಈ ವರ್ಷ ಕಣ್ಣು ಮುಚ್ಚಿ ಮಾಡಬೇಡಿ.

ಬಿಎ, ಬಿಕಾಂ, ಬಿಎಸ್ಸಿಗೆ ಹೋಗುವವರಿಗೆ ದಾರಿ ಇಷ್ಟು ಸುತ್ತು ಇಲ್ಲ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅರ್ಜಿ ಹಾಕುವುದು ಯುಯುಸಿಎಂಎಸ್ ಅನ್ನುವ ರಾಜ್ಯದ ಆನ್‌ಲೈನ್ ಪೋರ್ಟಲ್ಲಿನಲ್ಲಿ. 2024ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. "ಇಂಜಿನಿಯರಿಂಗ್ ಸಿಗಲಿಲ್ಲ, ಬರೀ ಬಿಎಗೆ ಹಾಕಿದೆವು" ಅಂತ ಮಗುವಿನ ಎದುರೇ ನೆಂಟರಿಗೆ ಹೇಳುವ ಅಪ್ಪ ಅಮ್ಮಂದಿರು ಆ "ಬರೀ" ಅನ್ನುವುದನ್ನು ಬಿಟ್ಟುಬಿಡಬೇಕು. ನಿಮ್ಮ ವಂಶದಲ್ಲೇ ಮೊದಲ ಡಿಗ್ರಿ ಅದು.

ಈಗ ಸೈಬರ್ ಸೆಂಟರಿನ ವಿಚಾರ. ಅಲ್ಲಿ ಕೂತಿರುವ ಹುಡುಗರು ಕೆಟ್ಟವರಲ್ಲ. ಆದರೆ ಹಿಂದೆ ಇಪ್ಪತ್ತು ಜನ ನಿಂತಿರುತ್ತಾರೆ, ಸರ್ವರ್ ಬಿಜಿ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅವಸರದಲ್ಲಿ ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಓಟಿಪಿ ಎಲ್ಲ ಅವರ ಫೋನಿಗೆ. ಆಪ್ಷನ್ ಬದಲಿಸುವ ದಿನ ಅವರು ಯಾವುದೋ ಮದುವೆಗೆ ಹೋಗಿರುತ್ತಾರೆ, ಮಗು ಅಂಗಡಿ ಮುಂದೆ ನಿಂತಿರುತ್ತದೆ. ಮನೆಯಲ್ಲಿ ಯಾವ ಸಿಮ್ ಯಾವತ್ತೂ ಬಂದ್ ಆಗುವುದಿಲ್ಲವೋ ಆ ನಂಬರ್ ಕೊಡಿ. ಯೂಸರ್ ಐಡಿ, ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. "ಸಬ್ಮಿಟ್ ಮಾಡೋ ಮೊದ್ಲು ಒಂದ್ಸಲ ತೋರ್ಸಿ ಅಣ್ಣಾ" ಅಂತ ಕೇಳುವುದಕ್ಕೆ ಸಂಕೋಚ ಬೇಡ. ದುಡ್ಡು ಕೊಟ್ಟಿದ್ದೀರಿ.

ಹೆಸರಿನ ಗೊಂದಲ ಇನ್ನೊಂದು. ಮಾರ್ಕ್ಸ್ ಕಾರ್ಡಿನಲ್ಲಿ ಮಂಜುನಾಥ ಕೆ., ಆಧಾರಿನಲ್ಲಿ ಬರೀ ಮಂಜುನಾಥ, ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಇನ್ನೇನೋ. ಇದನ್ನು ಮೊದಲೇ ಒಂದು ಮಾಡಿಸಿ. ಜಾತಿ ಆದಾಯ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಅದರಲ್ಲಿರುವ ಸಂಖ್ಯೆ, ಅಂದರೆ ಆರ್‌ಡಿ ನಂಬರ್ ಮೇಲೇ ಇಡೀ ಅರ್ಜಿ ನಿಂತಿದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಿಗುತ್ತದೆ, ಆದರೆ ಜೂನ್ ತಿಂಗಳ ನೂಕುನುಗ್ಗಲಿನಲ್ಲಿ ಹೋಗಿ ನಿಲ್ಲಬೇಡಿ.

ಇನ್ನು ದುಡ್ಡು. ಸ್ಕಾಲರ್‌ಶಿಪ್ ಮಂಜೂರಾದರೂ ಖಾತೆಗೆ ಬರಲಿಲ್ಲ ಅಂತ ಅಲೆಯುವ ಮಕ್ಕಳಿಗೆ ಲೆಕ್ಕವಿಲ್ಲ. ಅದು ಬರುವುದು ನಿಮ್ಮ ಆಧಾರ್ ಜೋಡಣೆ ಆಗಿರುವ ಖಾತೆಗೆ. ಐದನೇ ಕ್ಲಾಸಿನಲ್ಲಿ ಶಾಲೆಯವರು ತೆಗೆಸಿದ, ಈಗ ಯಾರಿಗೂ ನೆನಪಿಲ್ಲದ ಖಾತೆಗೆ ಜೋಡಣೆ ಆಗಿದ್ದರೆ ದುಡ್ಡು ಅಲ್ಲಿಗೆ ಹೋಗುತ್ತದೆ, ಇಲ್ಲವೇ ವಾಪಸ್ ಹೋಗುತ್ತದೆ. ಬ್ಯಾಂಕಿಗೆ ಹೋಗಿ ಈ ಆಧಾರ್ ಜೋಡಣೆ, ಬ್ಯಾಂಕಿನವರು ಎನ್‌ಪಿಸಿಐ ಜೋಡಣೆ ಅನ್ನುವುದು, ಯಾವ ಖಾತೆಗಿದೆ ಅಂತ ಕೇಳಿ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ಪ್ರತಿ ವರ್ಷ ಹಾಕಬೇಕು, ಒಂದು ಸಲ ಹಾಕಿದರೆ ಮುಗಿಯಲಿಲ್ಲ. ಇಂಜಿನಿಯರಿಂಗಿನಲ್ಲಿ ಎಸ್‌ಎನ್‌ಕ್ಯು ಅಂತ ನೂರಕ್ಕೆ 5 ಹೆಚ್ಚುವರಿ ಸೀಟಿದೆ. ಅದು ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿದ್ದವರಿಗೆ, ಆ ಸೀಟಿಗೆ ಬೋಧನಾ ಶುಲ್ಕ ಇಲ್ಲ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತಿದೆ. ಹಾಸ್ಟೆಲಿಗೆ ಅರ್ಜಿ ಬೇರೆಯೇ ಹಾಕಬೇಕು. ಕಾಲೇಜಿಗೆ ಸೇರಿದರೆ ಹಾಸ್ಟೆಲ್ ತಾನಾಗಿ ಸಿಗುತ್ತದೆ ಅಂತ ಪೆಟ್ಟಿಗೆ ಹೊತ್ತು ಬಂದ ಅಪ್ಪಂದಿರನ್ನು ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಅಂತ ಊಟ ವಸತಿಯ ಸಹಾಯಧನ ಇದೆ, ಅದನ್ನೂ ಕೇಳಿ.

ಸೀಟು ಕೊಡಿಸುತ್ತೇವೆ, ಅಡ್ವಾನ್ಸ್ ಕೊಡಿ ಅನ್ನುವ ಏಜೆಂಟರು ಫಲಿತಾಂಶದ ಮಾರನೇ ದಿನವೇ ಫೋನ್ ಮಾಡುತ್ತಾರೆ. ಒಂದು ರೂಪಾಯಿ ಕೊಡಬೇಡಿ. ಕೌನ್ಸೆಲಿಂಗ್ ಸೀಟಿಗೆ ನಡುವೆ ಯಾರೂ ಬೇಕಿಲ್ಲ. ಇನ್ನೊಂದು ವಿಷಯ: ಕಾಲೇಜಿನವರು ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲೇ ಹೇಳಿದೆ. ಅದನ್ನು ಮೆತ್ತಗೆ, ಮರ್ಯಾದೆಯಿಂದ, ಆದರೆ ಕೇಳಿಯೇ ಕೇಳಿ.

ಪಕ್ಕದ ತಮಿಳುನಾಡಿನಲ್ಲಿ ಮನೆಯ ಮೊದಲ ಪದವೀಧರ ಅಂತಲೇ ಒಂದು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿದರೆ ವೃತ್ತಿಪರ ಕೋರ್ಸುಗಳಲ್ಲಿ ಬೋಧನಾ ಶುಲ್ಕದ ರಿಯಾಯಿತಿ ಇದೆ. ನಮ್ಮಲ್ಲೂ ಅಂಥದ್ದು ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾತಿ, ಆದಾಯ, ಊರು ಎಲ್ಲವನ್ನೂ ಕೇಳುವ ಅರ್ಜಿ, ನಿನ್ನ ಮನೆಯಲ್ಲಿ ದಾರಿ ಹೇಳುವವರು ಯಾರಾದರೂ ಇದ್ದಾರಾ ಅಂತಲೂ ಕೇಳಬೇಕು.

ಅದು ಬರುವವರೆಗೆ ಆ ದಾರಿ ಹೇಳುವವರು ನಾವೇ ಆಗಬೇಕು. ಈ ಭಾಷಣ ಕೇಳುತ್ತಿರುವ ಬ್ಯಾಂಕ್ ನೌಕರರು, ಶಿಕ್ಷಕರು, ನಿವೃತ್ತರು, ಈಗ ಇಂಜಿನಿಯರಿಂಗ್ ಓದುತ್ತಿರುವ ಅಣ್ಣ ಅಕ್ಕಂದಿರು, ನಿಮಗೆ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆ ಕೆಲಸಕ್ಕೆ ಬರುವವರ ಮನೆಯಲ್ಲಿ, ನಿಮ್ಮ ತೋಟಕ್ಕೆ ಬರುವವರ ಮನೆಯಲ್ಲಿ ಪಿಯುಸಿ ಮುಗಿಸಿದ ಮಗು ಇದೆಯಾ ಕೇಳಿ. ಬರೀ "ಮುಂದೇನು ಓದ್ತೀಯಾ?" ಅಂತ ಕೇಳಿ ಸುಮ್ನೆ ಬಿಡಬೇಡಿ. "ಆರ್‌ಡಿ ನಂಬರ್ ಬಂತಾ? ಅರ್ಜಿ ಪ್ರಿಂಟ್ ತಗೊಂಡು ಸಂಜೆ ಬಾ, ಇಬ್ರೂ ಕೂತು ನೋಡೋಣ" ಅನ್ನಿ. ಒಂದು ಗಂಟೆ ಸಾಕು. ಕಲಂ ಕಲಂ ಜೋರಾಗಿ ಓದಿಸಿ. ಎಲ್ಲಿ ಮಗು ತಡವರಿಸುತ್ತದೋ ಅಲ್ಲೇ ಏನೋ ತಪ್ಪಿರುತ್ತದೆ. ಆಗುವುದಾದರೆ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕೂರಿಸಿಕೊಳ್ಳಿ. ಓದಲು ಬಾರದಿದ್ದರೂ ಹಳೇ ಪಡಿತರ ಚೀಟಿ ಎಲ್ಲಿದೆ, ಮಗಳು ಮೂರನೇ ಕ್ಲಾಸು ಯಾವ ಊರಲ್ಲಿ ಓದಿದಳು ಅನ್ನುವುದು ಅವರಿಗೇ ಸರಿಯಾಗಿ ನೆನಪಿರುವುದು.

ನಮಸ್ಕಾರ.