ಧರ್ಮಯುದ್ಧದ ಖರ್ಚು ಯಾರ ತಲೆಯ ಮೇಲೆ?

ಕೇಳುಗರಿಗೆ ನಮಸ್ಕಾರ.

ಜೆರುಸಲೇಮನ್ನು ಮುಸ್ಲಿಮರ ಕೈಯಿಂದ ಗೆಲ್ಲಲು ಯೂರೋಪಿನ ಕ್ರೈಸ್ತರು ಹೂಡಿದ ಧರ್ಮಯುದ್ಧಗಳೇ ಕ್ರುಸೇಡುಗಳು. 1096ರಲ್ಲಿ ಫ್ರಾನ್ಸಿನ ಉತ್ತರ ಭಾಗದ ನಾರ್ಮಂಡಿಯ ಡ್ಯೂಕ್ ರಾಬರ್ಟ್ ಮೊದಲನೆಯ ಕ್ರುಸೇಡಿಗೆ ಹೊರಟಾಗ ಕೈಯಲ್ಲಿ ದುಡ್ಡಿರಲಿಲ್ಲ. ತಮ್ಮ ವಿಲಿಯಂ ರೂಫಸ್ ಇಂಗ್ಲೆಂಡಿನ ದೊರೆ. ರಾಬರ್ಟ್ ಇಡೀ ನಾರ್ಮಂಡಿಯನ್ನು ಅವನಿಗೆ 10,000 ಮಾರ್ಕಿಗೆ ಅಡವಿಟ್ಟ. ಒಂದು ಮಾರ್ಕ್ ಎಂದರೆ 160 ಬೆಳ್ಳಿ ಪೆನ್ನಿ. ಅಷ್ಟು ಬೆಳ್ಳಿ ರೂಫಸನ ಬೊಕ್ಕಸದಲ್ಲೂ ಇರಲಿಲ್ಲ. ಪ್ರತಿ ಹೈಡ್ (ಆ ಕಾಲದ ಭೂಮಿಯ ಅಳತೆ) ಜಮೀನಿಗೆ ನಾಲ್ಕು ಶಿಲಿಂಗ್, ಅಂದರೆ 48 ಪೆನ್ನಿ, ಕಂದಾಯ ಹೇರಿದ. ಮಠಗಳವರು ತಮ್ಮ ಪಾಲು ಹೊಂದಿಸಲು ಪೂಜಾ ಸಾಮಗ್ರಿಯ ಬೆಳ್ಳಿಯನ್ನು ಕರಗಿಸಿದರು. ಜೆರುಸಲೇಮ್ ಯಾವ ದಿಕ್ಕಿಗಿದೆ ಎಂದು ತಿಳಿಯದ ರೈತನೂ ಹೀಗೆ ಆ ಯುದ್ಧಕ್ಕೆ ದುಡ್ಡು ತೆತ್ತ. ಕ್ರುಸೇಡುಗಳು ಯೂರೋಪಿನ ಸಮಾಜಕ್ಕೆ ಏನು ಮಾಡಿದವು ಎಂದು ತಿಳಿಯಬೇಕಾದರೆ ಈ ಲೆಕ್ಕದ ಜಾಡು ಹಿಡಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಕ್ರೈಸ್ತರಿಂದ ಗೆದ್ದುಕೊಂಡ. ಮರುವರ್ಷ ಇಂಗ್ಲೆಂಡಿನ ಎರಡನೆಯ ಹೆನ್ರಿ ಸಲಾದಿನ್ ದಶಾಂಶ ಎಂಬ ಹೊಸ ತೆರಿಗೆ ಹಾಕಿದ. ಅದುವರೆಗಿನ ಕಂದಾಯ ಮುಖ್ಯವಾಗಿ ಭೂಮಿಯ ಅಳತೆಯ ಮೇಲಿತ್ತು. ಇದು ಮನೆಯೊಳಕ್ಕೇ ಬಂತು: ವರಮಾನದಲ್ಲೂ ಚರಾಸ್ತಿಯಲ್ಲೂ ಹತ್ತರಲ್ಲೊಂದು ಪಾಲು. ನೈಟ್‌ಗಳ, ಅಂದರೆ ಕುದುರೆಯೇರಿ ಕಾದುವ ಯೋಧರ, ಆಯುಧ, ಕುದುರೆ, ಬಟ್ಟೆಗೆ ವಿನಾಯಿತಿ. ಪಾದ್ರಿಗಳ ಪುಸ್ತಕಕ್ಕೂ ವಿನಾಯಿತಿ. ರತ್ನಗಳನ್ನೂ ಬಿಟ್ಟಿದ್ದರು, ಅವು ಯಾರ ಮನೆಯಲ್ಲಿರುತ್ತಿದ್ದವು ಎಂದು ಬೇರೆ ಹೇಳಬೇಕಾಗಿಲ್ಲ.

ವಸೂಲಿ ನಡೆಯುತ್ತಿದ್ದುದು ಪ್ಯಾರಿಷ್‌ಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಕೇರಿಗಳಲ್ಲಿ. ಊರ ಪಾದ್ರಿ, ಒಬ್ಬ ಟೆಂಪ್ಲರ್, ಒಬ್ಬ ಹಾಸ್ಪಿಟಲರ್ (ಇವರಿಬ್ಬರೂ ಕ್ರುಸೇಡಿನ ಯೋಧ-ಸನ್ಯಾಸಿ ಸಂಘಗಳವರು), ದೊರೆಯ ಕಡೆಯವರು, ಬಿಷಪ್ಪನ ಗುಮಾಸ್ತ, ಎಲ್ಲರೂ ಎದುರಿಗಿರಬೇಕು. ಯಾರಾದರೂ ಕಡಿಮೆ ಕೊಟ್ಟನೆಂದು ಅನುಮಾನ ಬಂದರೆ ಅದೇ ಊರಿನ ನಾಲ್ಕೋ ಆರೋ ಜನರನ್ನು ಆರಿಸಿ, ಆಣೆ ಮಾಡಿಸಿ, ಅವನ ಆಸ್ತಿ ಎಷ್ಟೆಂದು ಹೇಳಿಸುತ್ತಿದ್ದರು. ನೆರೆಮನೆಯವನ ಕಣಜದ ಲೆಕ್ಕವನ್ನು ನೆರೆಯವನೇ ಸರ್ಕಾರಕ್ಕೆ ಒಪ್ಪಿಸಬೇಕಾಯಿತು.

ಕ್ರುಸೇಡಿನ ಹರಕೆ ಹೊತ್ತವರು ಬಟ್ಟೆಯ ಮೇಲೆ ಶಿಲುಬೆ ತೊಡುತ್ತಿದ್ದರು. ಹಾಗೆ ಶಿಲುಬೆ ತೊಟ್ಟು ಯುದ್ಧಕ್ಕೆ ಹೊರಟ ನೈಟ್ ತೆರಿಗೆ ಕೊಡಬೇಕಿರಲಿಲ್ಲ. ಬದಲಿಗೆ ಅವನ ಒಕ್ಕಲುಗಳ ದಶಾಂಶ ಅವನಿಗೇ ಸೇರುತ್ತಿತ್ತು. ಒಡೆಯನ ಅಪ್ಪಣೆ ಇಲ್ಲದೆ ಶಿಲುಬೆ ತೊಟ್ಟ ರೈತ ಮಾತ್ರ ಕೊಡಲೇಬೇಕು. ಒಂದೇ ಹರಕೆಗೆ ಎರಡು ನ್ಯಾಯ! ಫ್ರಾನ್ಸಿನಲ್ಲಿ ವಿರೋಧ ಎಷ್ಟಿತ್ತೆಂದರೆ ದೊರೆ ಎರಡನೆಯ ಫಿಲಿಪ್ 1189ರಲ್ಲಿ ಇಂಥ ತೆರಿಗೆಯನ್ನೇ ಕೈಬಿಟ್ಟ. ಇಂಗ್ಲೆಂಡಿನಲ್ಲಿ ಹಣ ಸಾಲದೆ ಹೆನ್ರಿಯ ಮಗ ರಿಚರ್ಡ್ ಅಧಿಕಾರದ ಹುದ್ದೆಗಳನ್ನು ಮಾರಿದ. ಸ್ಕಾಟ್ಲೆಂಡಿನ ಮೇಲಿದ್ದ ಅಧಿಪತ್ಯವನ್ನೂ 10,000 ಮಾರ್ಕಿಗೆ ಬಿಟ್ಟುಕೊಟ್ಟ.

ಕ್ರುಸೇಡಿನ ಇದೇ ಕಾವಿನಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್ ನಗರ ಹತ್ತಿ ಉರಿಯಿತು. ಚರ್ಚು ಕ್ರೈಸ್ತರಿಗೆ ಬಡ್ಡಿ ವ್ಯವಹಾರವನ್ನು ನಿಷೇಧಿಸಿತ್ತು, ಯೆಹೂದಿಗಳಿಗೆ ಬೇರೆ ಕಸುಬುಗಳ ಬಾಗಿಲು ಮುಚ್ಚುತ್ತಾ ಬಂದಿತ್ತು. ಹಾಗಾಗಿ ಅಲ್ಲಿನ ಶ್ರೀಮಂತರ ಸಾಲಪತ್ರಗಳು ಯೆಹೂದಿಗಳ ಹೆಸರಲ್ಲಿದ್ದವು. 1190ರ ಮಾರ್ಚಿನಲ್ಲಿ ಯಾರ್ಕಿನ ಯೆಹೂದಿಗಳು ಪ್ರಾಣಭಯದಿಂದ ದೊರೆಯ ಕೋಟೆಯ ಬುರುಜು ಹೊಕ್ಕರು. ಹೊರಗೆ ಗುಂಪು ಮುತ್ತಿತು. 16ರ ರಾತ್ರಿ ಬಹುಮಂದಿ ತಮ್ಮವರನ್ನು ಕೊಂದು ತಾವೂ ಸತ್ತರು. ಅಭಯ ನಂಬಿ ಹೊರಬಂದವರನ್ನೂ ಕಡಿದುಹಾಕಿದರು. ಸತ್ತವರು ಸುಮಾರು 150 ಮಂದಿ. ಆಮೇಲೆ ಆ ಗುಂಪು ನೇರವಾಗಿ ಹೋದದ್ದು ಮುಖ್ಯ ಚರ್ಚಿಗೆ. ಸಾಲಪತ್ರಗಳನ್ನು ಅಲ್ಲಿ ಇಡಲಾಗಿತ್ತು, ಅಲ್ಲೇ ಸುಟ್ಟರು. ಧರ್ಮದ ಹೆಸರಿನ ಕೊಲೆಯಲ್ಲಿ ಸಾಲಗಾರರ ಕೈ ಎಷ್ಟಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಯೆಹೂದಿಗಳ ಸಂಪತ್ತಿನ ಮೇಲೆ ದೊರೆಗೆ ಹಕ್ಕಿತ್ತು, ಆದ್ದರಿಂದ ಪತ್ರ ಸುಟ್ಟರೆ ಬೊಕ್ಕಸಕ್ಕೂ ನಷ್ಟ. 1194ರಲ್ಲಿ ಹೊಸ ನಿಯಮ ಬಂತು. ಪ್ರತಿ ಸಾಲಪತ್ರ ಎರಡು ಪ್ರತಿ. ಒಂದು ಸಾಲ ಕೊಟ್ಟವನ ಬಳಿ, ಇನ್ನೊಂದು ಸರ್ಕಾರಿ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ: ಒಂದರ ಕೀಲಿ ಇಬ್ಬರು ಕ್ರೈಸ್ತರ ಹತ್ತಿರ, ಒಂದು ಇಬ್ಬರು ಯೆಹೂದಿಗಳ ಹತ್ತಿರ, ಮೂರನೆಯದು ದೊರೆಯ ಗುಮಾಸ್ತರ ಹತ್ತಿರ. ಈ ವ್ಯವಸ್ಥೆ ಪತ್ರಗಳನ್ನು ಕಾಯಿತು, ಜನರನ್ನು ಕಾಯಲಿಲ್ಲ. 1290ರಲ್ಲಿ ಮೊದಲನೆಯ ಎಡ್ವರ್ಡ್ ಇಂಗ್ಲೆಂಡಿನಿಂದ ಯೆಹೂದಿಗಳನ್ನೆಲ್ಲ ಹೊರಹಾಕಿದಾಗ ಆ ಪೆಟ್ಟಿಗೆಗಳು ದೊರೆಯ ಆಡಳಿತ ಕೇಂದ್ರವಾದ ವೆಸ್ಟ್‌ಮಿನ್‌ಸ್ಟರ್ ಸೇರಿದವು. ದೊರೆ ಬಡ್ಡಿ ಬಿಟ್ಟ, ಅಸಲನ್ನು ತನ್ನದೆಂದು ಬರೆಸಿಕೊಂಡ.

ನಮಸ್ಕಾರ.